ಆದಿತ್ಯವಾರ ರಜೆ ತೆಗೆದುಕೊಳ್ಳುವ ಭೂಕಂಪ

ಸತ್ತವರನ್ನು ಹೊಗಳುವುದಕ್ಕೂ ಒಂದು ಮಿತಿ ಬೇಕು. ಕಳೆದ ತಿಂಗಳು ಟೀಚರ್ ತೀರಿಕೊಂಡಾಗ ಇಗರ್ಜಿಯ ಅಂಗಳದಲ್ಲಿ ನಿಂತವರೆಲ್ಲ ಒಬ್ಬರ ಬಾಯಿಂದ ಒಬ್ಬರು ಕಸಿದುಕೊಂಡ ಹಾಗೆ ಒಂದೇ ಮಾತು ಹೇಳುತ್ತಿದ್ದರು: "ಪಾಪ, ಬಹಳ ಸಾಧು ಹೆಂಗಸು. ಒಂದು ಇರುವೆಗೂ ನೋವು ಮಾಡಿದವರಲ್ಲ." ಹಾಗೆ ಹೇಳಿದವರಲ್ಲಿ ಅರ್ಧ ಜನ ಒಂದು ಕಾಲದಲ್ಲಿ ಅವರನ್ನು ಕಂಡರೆ ರಸ್ತೆಯ ಆಚೆ ಬದಿಗೆ ದಾಟುತ್ತಿದ್ದವರು. ಸಾಧುವಂತೆ! ಕೇಳಿ ನನ್ನ ಮೈಯೆಲ್ಲ ಉರಿದುಹೋಯಿತು. ಈ ಸಾಧುತ್ವದ ಕಥೆ ಊರಿನಲ್ಲಿ ಬೇರು ಬಿಡುವ ಮೊದಲು ನನಗೆ ಗೊತ್ತಿರುವುದನ್ನು ಬರೆದುಬಿಡುತ್ತೇನೆ. ಹೆಸರು ಬರೆಯುವುದಿಲ್ಲ. ಕಾರ್ಕಳದ ಆಸುಪಾಸಿನವರಿಗೆ 'ಭೂಕಂಪದ ಟೀಚರ್' ಎಂದರೆ ಸಾಕು. ಉಳಿದವರಿಗೆ ಹೆಸರು ಗೊತ್ತಾಗಿ ಆಗಬೇಕಾದದ್ದೇನೂ ಇಲ್ಲ.

ಎರಡು ಸಾವಿರದ ಇಸವಿಯ ಹೊತ್ತಿಗೆ ನಾನು ಕಾರ್ಕಳದ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಸೈಬರ್ ಸೆಂಟರ್ ಇಟ್ಟಿದ್ದೆ. ಕೆಲವು ಕಂಪ್ಯೂಟರು, ನಡುವೆ ಪ್ಲೈವುಡ್ಡಿನ ಅಡ್ಡಗೋಡೆ, ಚಪ್ಪಲಿ ಹೊರಗೆ ಬಿಡಿ ಎಂಬ ಬೋರ್ಡು, ಇಷ್ಟೇ ನನ್ನ ಬಂಡವಾಳ. ನಿಟ್ಟೆಯ ಹಾಸ್ಟೆಲಿನ ಹುಡುಗರು, ದುಬೈಯಲ್ಲಿರುವ ಗಂಡನಿಗೆ ಮಗುವಿನ ಫೋಟೋ ಕಳಿಸುವ ಹೆಂಗಸರು, ಫಲಿತಾಂಶದ ದಿನ ಬಾಗಿಲು ಮುರಿಯುವಷ್ಟು ನುಗ್ಗುವ ಮಕ್ಕಳು, ಇವರೆಲ್ಲ ನನ್ನ ಗಿರಾಕಿಗಳು. ಟೀಚರ್ ಪೇಟೆಯವರು, ಕೊಂಕಣಿ ಕ್ರಿಸ್ತುವರು. ಪೇಟೆಯಿಂದ ಸ್ವಲ್ಪ ದೂರದ ನಮ್ಮೂರಿನ ಕನ್ನಡ ಮಾಧ್ಯಮ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದರು. ಮನೆಯಲ್ಲಿ ಕೊಂಕಣಿ, ಬಸ್ಸಿನಲ್ಲಿ ತುಳು, ತರಗತಿಯಲ್ಲಿ ಕನ್ನಡ. ಸಿಟ್ಟು ಬಂದರೆ ಮೂರೂ ಭಾಷೆ ಒಟ್ಟಿಗೆ ಬರುತ್ತಿತ್ತು.

ಗುಜರಾತಿನಲ್ಲಿ ಭೂಕಂಪವಾದ ವರ್ಷ ತರಗತಿಯಲ್ಲಿ ಮಕ್ಕಳು, "ನಮ್ಮಲ್ಲಿಯೂ ಆಗ್ತದಾ ಟೀಚರ್?" ಎಂದು ಕೇಳಿದರಂತೆ. ಬೇರೆ ಯಾರಾದರೂ ಆಗಿದ್ದರೆ ಇಲ್ಲ ಎಂದು ಧೈರ್ಯ ಹೇಳಿ ಪಾಠ ಮುಂದುವರಿಸುತ್ತಿದ್ದರು. ಇವರು "ಗೊತ್ತಿಲ್ಲ, ನೋಡಿ ಹೇಳ್ತೇನೆ" ಎಂದರು. ಸಂಜೆ ಬಸ್ಸಿಳಿದು ನನ್ನ ಸೆಂಟರಿಗೆ ಬಂದರು. ಪ್ರಪಂಚದಲ್ಲಿ ಎಲ್ಲೆಲ್ಲಿ ಭೂಮಿ ನಡುಗಿತು, ಎಷ್ಟು ನಡುಗಿತು, ಎಷ್ಟು ಆಳದಲ್ಲಿ ಎಂದು ಆಗಿಂದಾಗ ಪಟ್ಟಿ ಹಾಕುವ ಒಂದು ಅಮೆರಿಕದ ತಾಣ ಉಂಟೆಂದು ಪೇಪರಿನಲ್ಲಿ ಓದಿದ್ದರು. ಹುಡುಕಿಕೊಟ್ಟೆ. ಆಗಿನ ಇಂಟರ್‌ನೆಟ್ಟಿನ ಓಟ ನಿಮಗೆ ಗೊತ್ತು, ಪುಟ ಪೂರ್ತಿ ಬಿಚ್ಚಿಕೊಳ್ಳುವಷ್ಟರಲ್ಲಿ ಒಂದು ಚಾ ಕುಡಿದು ಗ್ಲಾಸು ತೊಳೆದಿಡಬಹುದಿತ್ತು. ಟೀಚರ್ ಮಡಿಲಲ್ಲಿ ಅಟ್ಲಾಸ್ ಇಟ್ಟುಕೊಂಡು ಕಾದರು. ಅವತ್ತು ನೋಡಲು ಬಂದವರು ಮತ್ತೆ ನೋಡುವುದನ್ನು ನಿಲ್ಲಿಸಲೇ ಇಲ್ಲ.

"ಟೀಚರ್, ನಿಮ್ಮವರು ಯಾರಾದ್ರೂ ಜಪಾನಿನಲ್ಲಿ ಇದ್ದಾರಾ?" ಎಂದು ಒಮ್ಮೆ ಕೇಳಿದೆ.

"ಇಲ್ಲ ಮಾರಾಯ."

"ಮತ್ತೆ ಎಂತಕ್ಕೆ ದಿನಾ ನೋಡುವುದು?"

"ನೀನು ದಿನಾ ಕ್ರಿಕೆಟ್ ಸ್ಕೋರು ನೋಡ್ತಿ ಅಲ್ವಾ? ನಿನ್ನವರು ಯಾರಾದ್ರೂ ಟೀಮಿನಲ್ಲಿ ಇದ್ದಾರಾ?"

ನಾನು ಬೇರೆ ಗಿರಾಕಿಯ ಕಡೆ ಹೋದೆ.

ಅವರಿಗೆ ಒಂದು ಅಭ್ಯಾಸವಿತ್ತು. ಯಾರಾದರೂ ಬುಡವಿಲ್ಲದ ಮಾತು ಆಡಿದರೆ ಕನ್ನಡಕ ತೆಗೆದು, ಸೆರಗಿನ ತುದಿಯಿಂದ ನಿಧಾನವಾಗಿ ಒರೆಸುತ್ತ, "ಯಾರು ಹೇಳಿದ್ದು?" ಎಂದು ಕೇಳುತ್ತಿದ್ದರು. "ಎಲ್ಲರೂ ಹೇಳ್ತಾರೆ" ಎಂದರೆ, "ಎಲ್ಲರೂ ಬೇಡ, ಒಬ್ಬರ ಹೆಸರು ಹೇಳಿ." ಈ ಒಂದು ಪ್ರಶ್ನೆಯಿಂದ ಅವರು ಸಂಪಾದಿಸಿದ ವೈರಿಗಳು ಕಡಿಮೆಯಲ್ಲ. ಒಮ್ಮೆ ಪ್ರವಚನದಲ್ಲಿ ಫಾದರ್, ಮನುಷ್ಯರ ಪಾಪ ಹೆಚ್ಚಾದಾಗ ಭೂಮಿ ನಡುಗುತ್ತದೆ ಎಂದರಂತೆ. ಪೂಜೆ ಮುಗಿದ ಮೇಲೆ ಟೀಚರ್ ಹೋಗಿ, "ಫಾದರ್, ಮೊನ್ನೆ ಪೆಸಿಫಿಕ್ ಸಮುದ್ರದ ನಟ್ಟನಡುವೆ ಒಂದು ಆಯಿತು. ಅಲ್ಲಿ ಮೀನು ಬಿಟ್ಟರೆ ಯಾರೂ ಇಲ್ಲ. ಮೀನು ಎಂತ ಪಾಪ ಮಾಡಿತು?" ಎಂದು ಕೇಳಿದರು. ಫಾದರ್ ಒಳ್ಳೆಯವರು, ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಅವರ ಪ್ರವಚನದಲ್ಲಿ ಭೂಕಂಪ ಬರಲಿಲ್ಲ.

ಬಸ್ಸಿನ ಕಂಡಕ್ಟರಿಗೂ ಅಭ್ಯಾಸವಾಗಿತ್ತು. ಟಿಕೆಟ್ ಕೊಡುತ್ತ, "ಇವತ್ತು ಎಲ್ಲಿ ಟೀಚರ್?" ಎನ್ನುತ್ತಿದ್ದ. "ಚಿಲಿ" ಎನ್ನುತ್ತಿದ್ದರು. "ಜೋರಾ?" "ಪಾತ್ರೆ ಬೀಳುವಷ್ಟು." ಅವನು ತಲೆಯಾಡಿಸಿ ಮುಂದಿನ ಸೀಟಿಗೆ ಹೋಗುತ್ತಿದ್ದ.

ಸುನಾಮಿ ಬಂದ ವಾರ ನಮ್ಮ ಕರಾವಳಿಯಲ್ಲಿಯೂ ಗಾಳಿಸುದ್ದಿಯ ಸುನಾಮಿ ಎದ್ದಿತ್ತು. ಇವತ್ತು ಸಂಜೆ ಕಡಲು ಒಳಗೆ ಬರುತ್ತದಂತೆ, ಮಲ್ಪೆಯಲ್ಲಿ ಬೋಟುಗಳನ್ನೆಲ್ಲ ಕಟ್ಟಿದ್ದಾರಂತೆ, ಉಡುಪಿಗೆ ನೀರು ಬರುತ್ತದಂತೆ. ಟೀಚರ ತಂಗಿಯನ್ನು ಕಡಲ ಬದಿಯ ಕಾಪುವಿಗೆ ಮದುವೆ ಮಾಡಿ ಕೊಟ್ಟಿದ್ದರು. ಆಕೆ ಗಂಟುಮೂಟೆ ಕಟ್ಟಿ ಅಕ್ಕನಿಗೆ ಫೋನು ಮಾಡಿದಳು. ಟೀಚರ್ ನನ್ನ ಸೆಂಟರಿನಲ್ಲಿ ಕುಳಿತು ಪಟ್ಟಿಯನ್ನು ಮೇಲಿಂದ ಕೆಳಗೆ ನೋಡಿದರು. ಪುನಃ ಕಡಲು ಎಬ್ಬಿಸುವಂಥದ್ದೇನೂ ಇರಲಿಲ್ಲ. ನನ್ನ ಫೋನಿನಿಂದಲೇ ತಂಗಿಗೆ, "ನಾನು ನೋಡಿದ್ದೇನೆ. ನೀನು ಗಂಟು ಬಿಚ್ಚಿ ಅನ್ನಕ್ಕಿಡು, ನಾನು ಊಟಕ್ಕೆ ಬರ್ತೇನೆ" ಎಂದು ಹೇಳಿ, ಜನ ಕಾಪುವಿನಿಂದ ಈಚೆಗೆ ಬರುವ ಹೊತ್ತಿನಲ್ಲಿ ಇವರು ಬಸ್ಸು ಹತ್ತಿ ಆಚೆಗೆ ಹೋದರು. ದೀಪಸ್ತಂಭದ ಬಂಡೆಯ ಹತ್ತಿರ ಕಡಲ ಹೊಯಿಗೆಯ ಮೇಲೆ ಕತ್ತಲಾಗುವವರೆಗೆ ಕುಳಿತಿದ್ದರಂತೆ. ಅವರನ್ನು ನೋಡಿ, ಹೊರಟಿದ್ದ ಕೆಲವು ಮನೆಯವರು ಹಿಂದೆ ಬಂದರೆಂದು ತಂಗಿ ಆಮೇಲೆ ನನಗೆ ಹೇಳಿದಳು.

ಇಷ್ಟರವರೆಗೆ ಊರಿನವರಿಗೆ ಅವರು ತಮಾಷೆಯ ವಸ್ತು. ಸಂಬಂಧ ಕೆಟ್ಟದ್ದು ಸುನಾಮಿಯ ಬೆನ್ನಿಗೇ ಬಂದ ಬೇಸಗೆಯ ಮೊದಲಿಗೆ.

ನಮ್ಮ ಶಾಲೆಯ ಹಿಂದೆ ಕರಿಕಲ್ಲು ಒಡೆದು ತೆಗೆಯುವ ಕೋರೆ ಉಂಟು. ಕೋರೆಗೂ ಶಾಲೆಗೂ ನಡುವೆ ಒಂದು ಸಣ್ಣ ಕಾಲೊನಿ. ಮೊದಲು ಅಲ್ಲಿ ಕೈಯಿಂದ ಗುಳಿ ಹೊಡೆದು ಸಣ್ಣ ಸಣ್ಣ ಸಿಡಿಮದ್ದು ಇಡುತ್ತಿದ್ದರು, ಕೇಳಿ ಅಭ್ಯಾಸವಾಗಿತ್ತು. ಆ ವರ್ಷ ಆಳಕ್ಕೆ ಕೊರೆಯುವ ಯಂತ್ರ ಬಂತು. ಮಧ್ಯಾಹ್ನ ಕೆಲಸದವರು ಊಟಕ್ಕೆ ಹೊರಗೆ ಹೋದಾಗ ಕೆಂಪು ಬಾವುಟ ಊರಿ, ವಿಸಿಲ್ ಊದಿ, ಒಟ್ಟಿಗೆ ಸಿಡಿಸುವುದು. ನಮ್ಮ ಮನೆಯ ಅಟ್ಟದ ಮೇಲಿನ ಪಾತ್ರೆಗಳು ಕುಣಿಯುತ್ತಿದ್ದವು. ಕಾಲೊನಿಯ ಮನೆಗಳ ಗೋಡೆ ಬಿರುಕು ಬಿಟ್ಟಿತು. ಶಾಲೆಯ ಎಂಟನೇ ತರಗತಿಯ ಗೋಡೆಯಲ್ಲಿ ಕೈ ಹೋಗುವಷ್ಟು ಸೀಳು ಬಿತ್ತು.

ಕೋರೆಯ ಧಣಿಗಳು ನಗುಮುಖದ ಮನುಷ್ಯ. ಶಾಲೆಗೆ ಬೆಂಚು ಕೊಟ್ಟವರು, ಯಾರ ಮನೆಯ ಮದುವೆಗೂ ತಪ್ಪದೆ ಬರುವವರು. ಅವರು ಊರಿನವರನ್ನು ಶಾಲೆಯಲ್ಲಿ ಸೇರಿಸಿದರು. "ನೋಡಿ, ಸುನಾಮಿ ಆದ ಮೇಲೆ ಭೂಮಿಯೇ ಸಡಿಲ ಆಗಿದೆ. ಇದು ಭೂಕಂಪ. ಭೂಕಂಪ ಅಂತಾದರೆ ಸರ್ಕಾರದಿಂದ ಪರಿಹಾರ ಉಂಟು. ಅರ್ಜಿ ಬರೆಸುವ ಕೆಲಸ ನನಗಿರಲಿ. ನಮ್ಮ ಪುಣ್ಯಕ್ಕೆ ಊರಿನಲ್ಲಿ ಭೂಕಂಪದ ಟೀಚರೇ ಇದ್ದಾರೆ, ಅವರು ಕೆಳಗೆ ಒಂದು ಮಾತು ಬರೆದರೆ ಯಾವ ಸಾಹೇಬರೂ ಇಲ್ಲ ಅನ್ನುವುದಿಲ್ಲ" ಎಂದರು. ಎಲ್ಲರೂ ಟೀಚರ ಕಡೆ ತಿರುಗಿದರು. ಅಷ್ಟು ವರ್ಷ ನಕ್ಕವರಿಗೆ ಅವರ ಭೂಕಂಪ ಒಮ್ಮೆಲೇ ಬೇಕಾಯಿತು. ನನಗೆ ಅಲ್ಲೇ ನಗು ಬಂತು.

ಟೀಚರ್ ಕನ್ನಡಕ ತೆಗೆದು ಒರೆಸತೊಡಗಿದರು. ನನ್ನಲ್ಲಿಂದ ಪ್ರಿಂಟ್ ತೆಗೆಸಿಕೊಂಡು ಹೋಗಿದ್ದ ಹಾಳೆಗಳು ಮೇಜಿನ ಮೇಲಿದ್ದವು. "ನಮ್ಮ ಗೋಡೆ ಸೀಳಿದ ದಿನ ಇಂಡೋನೇಷ್ಯಾದಲ್ಲಿ ಆಗಿದೆ. ಅಲಾಸ್ಕಾದಲ್ಲಿ ಆಗಿದೆ. ನಮ್ಮ ಊರಿನ ಹೆಸರಿಲ್ಲ" ಎಂದರು.

ಧಣಿಗಳ ಅಳಿಯ ಇಂಜಿನಿಯರ್. "ಟೀಚರ್, ಸಣ್ಣ ಸಣ್ಣದೆಲ್ಲ ಆ ಲಿಸ್ಟಿನಲ್ಲಿ ಬರುವುದಿಲ್ಲ" ಎಂದ.

"ಬರುವುದಿಲ್ಲ, ಸರಿ" ಎಂದು ಟೀಚರ್ ತಕ್ಷಣ ಒಪ್ಪಿದರು. "ಆದರೆ ನಾನು ಇಷ್ಟು ವರ್ಷದಿಂದ ನೋಡ್ತಾ ಇದ್ದೇನೆ. ರಾತ್ರಿ ಆಗ್ತದೆ, ಹಗಲು ಆಗ್ತದೆ, ಹಬ್ಬದ ಮರುದಿನ ಆಗ್ತದೆ. ಮಧ್ಯಾಹ್ನ ಊಟದ ಹೊತ್ತಿಗೇ ಸರಿಯಾಗಿ ಬಂದು, ಆದಿತ್ಯವಾರ ರಜೆ ತೆಗೆದುಕೊಳ್ಳುವ ಭೂಕಂಪ ಪ್ರಪಂಚದಲ್ಲಿ ಎಲ್ಲಿಯೂ ಕಾಣಲಿಲ್ಲ."

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕು, ಧಣಿಗಳ ಮುಖ ನೋಡಿ ಆ ನಗುವನ್ನು ಕೆಮ್ಮು ಮಾಡಿಕೊಂಡರು. ಕಾಲೊನಿಯ ಒಬ್ಬ ಹಿರಿಯರು ಎದ್ದು ನಿಂತು, "ಟೀಚರ್, ನಿಜ ನಮಗೂ ಗೊತ್ತುಂಟು. ಕೋರೆಯ ಮೇಲೆ ಹೇಳಿದರೆ ನಮಗೆ ಎಂತ ಸಿಗ್ತದೆ? ಭೂಮಿಯ ಮೇಲೆ ಹೇಳಿದರೆ ಪರಿಹಾರ ಸಿಗ್ತದೆ. ಭೂಮಿ ಎಂತ ಕೋರ್ಟಿಗೆ ಹೋಗ್ತದಾ?" ಎಂದರು.

"ಹೋಗುವುದಿಲ್ಲ. ಅದಕ್ಕೇ ಎಲ್ಲರೂ ಅದರ ಮೇಲೆ ಹೇಳುವುದು. ಪರಿಹಾರ ತಕ್ಕೊಂಡು ಗೋಡೆ ಕಟ್ಟಿಸ್ತೀರಿ. ಮರುದಿನ ಮಧ್ಯಾಹ್ನ ಪುನಃ ಸಿಡಿಸ್ತಾರೆ. ಗೋಡೆ ಮಕ್ಕಳ ಮೇಲೆ ಬಿದ್ದರೆ ಅದೂ ಭೂಕಂಪವೇ. ನೀವೇ ಬರೆದುಕೊಟ್ಟದ್ದು ಅಲ್ವಾ? ನನ್ನಿಂದ ಆಗುವುದಿಲ್ಲ."

ಅವರು ಹಾಳೆ ಮಡಚಿಕೊಂಡು ತರಗತಿಗೆ ಹೋದರು. ಅರ್ಜಿ ಅವರ ಮಾತಿಲ್ಲದೆಯೇ ಹೋಯಿತು.

ಕೆಲವು ದಿನಗಳ ಮೇಲೆ ಸ್ಥಳ ನೋಡಿ ಮಹಜರು ಬರೆಯಲು ಒಬ್ಬ ಸಾಹೇಬರು ಜೀಪಿನಲ್ಲಿ ಬಂದರು. ಊರಿನವರೆಲ್ಲ ಸೇರಿದ್ದರು. ಟೀಚರ್ ಸಾಹೇಬರಿಗೆ ಶಾಲೆಯ ಜಗಲಿಯಲ್ಲಿ ಕುರ್ಚಿ ಹಾಕಿಸಿ, "ಸ್ವಲ್ಪ ಕೂತ್ಕೊಳ್ಳಿ, ಊಟದ ಗಂಟೆ ಆಗಲಿ, ನೀವೇ ನೋಡಬಹುದು" ಎಂದರು. ಸಾಹೇಬರು ಕೂತರು, ಎಳನೀರು ಕುಡಿದರು. ಗಂಟೆ ಬಾರಿಸಿತು, ಮಕ್ಕಳು ಬುತ್ತಿ ಬಿಚ್ಚಿದರು, ಮುಚ್ಚಿದರು. ಕೋರೆಯಿಂದ ಒಂದು ಕಾಗೆಯ ಸದ್ದು ಕೂಡ ಇಲ್ಲ. ಧಣಿಗಳು ಕೈಕಟ್ಟಿ ಮುಗುಳ್ನಗುತ್ತ ನಿಂತಿದ್ದರು. ಟೀಚರ ಮಾನ ಹೋಯಿತೆಂದೇ ನಾವೆಲ್ಲ ತಿಳಿದೆವು.

ಟೀಚರ್ ಎದ್ದು ಹೇಳಿದರು: "ನೋಡಿದಿರಾ ಸಾರ್? ದಿನಾ ಬರುವ ಭೂಕಂಪ, ನೀವು ಬರ್ತೀರಿ ಅಂತ ಇವತ್ತು ಬರಲಿಲ್ಲ. ಭೂಮಿಗೆ ನಿಮ್ಮ ಜೀಪು ಬರುವುದು ಮೊದಲೇ ಹೇಗೆ ಗೊತ್ತಾಯಿತು ಅಂತ ಸ್ವಲ್ಪ ವಿಚಾರಿಸಿ."

ಸಾಹೇಬರು ಧಣಿಗಳ ಮುಖ ನೋಡಿದರು, ಟೀಚರ ಮುಖ ನೋಡಿದರು. ಪೆನ್ನು ತೆಗೆದು, ಬಿರುಕಿಗೆ ಕಾರಣ ಸ್ಪಷ್ಟವಿಲ್ಲ ಎಂದು ಬರೆದು ಜೀಪು ಹತ್ತಿದರು. ಭೂಕಂಪ ಅಲ್ಲಿಗೆ ಬಿದ್ದುಹೋಯಿತು, ಅದರ ಜೊತೆಗೆ ಪರಿಹಾರವೂ. ಮರುದಿನ ಮಧ್ಯಾಹ್ನ ಎರಡು ದಿನದ್ದು ಸೇರಿಸಿ ಸಿಡಿಸಿದ ಹಾಗೆ ಸದ್ದು ಬಂತು.

ಊರು ಟೀಚರ ಹತ್ತಿರ ಮಾತು ಬಿಟ್ಟಿತು. ಕಂಡಕ್ಟರ್ ಕೂಡ ಟಿಕೆಟು ಹರಿದು ಸುಮ್ಮನೆ ಮುಂದೆ ಹೋಗುತ್ತಿದ್ದ. ನನ್ನ ಸೆಂಟರಿಗೆ ಬಂದು, "ಅವರನ್ನು ಎಂತಕ್ಕೆ ಒಳಗೆ ಬಿಡ್ತೀರಿ?" ಎಂದು ಕೇಳಿದವರಿದ್ದಾರೆ. ಬೋರ್ಡು ಚಪ್ಪಲಿಗೆ ಮಾತ್ರ ಇರುವುದು ಎಂದು ಹೇಳಿ ಕಳಿಸಿದೆ.

ಒಂದು ಸಂಜೆ ಅಲ್ಲಿಗೇ ಶಾಂತವ್ವ ಬಂದಳು. ಬಾಗಲಕೋಟೆ ಕಡೆಯವಳು, ಗಂಡ ಇಲ್ಲ, ದಿನಾ ಬಸ್ಸಿನಲ್ಲಿ ಮಣಿಪಾಲಕ್ಕೆ ಕಾಂಕ್ರೀಟ್ ಕೆಲಸಕ್ಕೆ ಹೋಗುವವಳು. ಕಾಲೊನಿಯಲ್ಲಿ ಕೋರೆಗೆ ಎಲ್ಲರಿಗಿಂತ ಹತ್ತಿರದ ಮನೆ ಅವಳದು. ಕೈಕಾಲಿನ ಸಿಮೆಂಟು ಹಾಗೇ ಇತ್ತು. ಟೀಚರ ಕುರ್ಚಿಯ ಹಿಂದೆ ನಿಂತು ಒಂದೇ ಉಸಿರಿಗೆ ಕೇಳಿದಳು:

"ಏನ್ರಿ ಟೀಚರ್ರ, ನಿಮ್ಮ ಕಂಪ್ಯೂಟರ್ ಬಂದು ನನ್ನ ಗ್ವಾಡಿ ಹಿಡಕೊಂಡು ನಿಂದರತೈತೇನ್ರಿ? ಭೂಕಂಪ ಆಗೈತಿ ಅಂತ ಒಂದ್ ಅಕ್ಷರ ಬರದಿದ್ರ ನಿಮ್ಮ ಗಂಟೇನ್ ಹೋಗತಿತ್ತರಿ? ಮಳಿ ಹತ್ತಿದ್ರ ಮಗಳನ್ನ ಕಟಗೊಂಡು ನಾ ಎಲ್ಲಿ ಹೋಗ್ಲಿ?"

ಟೀಚರ್ ಕನ್ನಡಕ ತೆಗೆಯಲಿಲ್ಲ. ಯಾರು ಹೇಳಿದ್ದು ಎಂದು ಕೇಳಲಿಲ್ಲ. "ಇಲ್ಲ. ಕಂಪ್ಯೂಟರ್ ಗೋಡೆ ಹಿಡಿಯುವುದಿಲ್ಲ" ಎಂದರು. ಪುಟ ಇನ್ನೂ ಅರ್ಧ ಬಿಚ್ಚಿಕೊಂಡಿತ್ತು, ಹಾಗೇ ಬಿಟ್ಟು ಎದ್ದುಹೋದರು. ಅವರು ಪಟ್ಟಿ ನೋಡದೆ ಎದ್ದದ್ದನ್ನು ನಾನು ಅದೊಂದೇ ಸಲ ಕಂಡದ್ದು. ನನಗೆ ಬಹಳ ಸಂಕಟವಾಯಿತು, ಇಬ್ಬರಿಗಾಗಿಯೂ.

ಮರುದಿನ ಮಧ್ಯಾಹ್ನ ಪೇಟೆಯಲ್ಲಿ ಕರೆಂಟು ಹೋಯಿತೆಂದು ನಾನು ಸ್ಕೂಟರಿನಲ್ಲಿ ಊಟಕ್ಕೆ ಮನೆಗೆ ಬಂದೆ. ಕೋರೆಯ ದಾರಿಯಲ್ಲಿ ಜನ ನಿಂತಿದ್ದರು. ನೋಡಿದರೆ, ಊಟದ ಗಂಟೆ ಬಾರಿಸಿದ ಕೂಡಲೇ ಟೀಚರ್ ಬುತ್ತಿ, ಕೊಡೆ, ತಿದ್ದಬೇಕಾದ ಉತ್ತರಪತ್ರಿಕೆಗಳ ಕಟ್ಟು ಹಿಡಿದುಕೊಂಡು ಹೋಗಿ ಕೆಂಪು ಬಾವುಟದ ಒಳಗಿನ ಒಂದು ಬಂಡೆಯ ಮೇಲೆ ಕುಳಿತಿದ್ದಾರೆ. ಬಾವುಟದ ಒಳಗೆ ನರಪಿಳ್ಳೆ ಇದ್ದರೂ ಸಿಡಿಸುವ ಹಾಗಿಲ್ಲ, ಕೋರೆಯಲ್ಲಿ ಅದೊಂದು ನಿಯಮವನ್ನು ಯಾರೂ ಮುರಿಯುವುದಿಲ್ಲ. ವಿಸಿಲ್ ಊದುವವನು ಊದಿ ಊದಿ ಕೆನ್ನೆ ನೋಯಿಸಿಕೊಂಡ. ಟೀಚರ್ ಕೆಂಪು ಶಾಯಿಯಲ್ಲಿ ಅಂಕ ಹಾಕುತ್ತಲೇ ಇದ್ದರು. ತರಗತಿಯ ಗಂಟೆ ಬಾರಿಸಿದಾಗ ಎದ್ದು ಹೋದರು. ಅಷ್ಟರಲ್ಲಿ ಕೆಲಸದವರು ಊಟ ಮುಗಿಸಿ ಒಳಗೆ ಬಂದಾಗಿತ್ತು, ಅವತ್ತು ಸಿಡಿಸಲು ಆಗಲಿಲ್ಲ.

ಮರುದಿನವೂ ಹೋದರು, ಅದರ ಮರುದಿನವೂ. ಹೆಡ್‌ಮಾಸ್ಟರು ನೋಟೀಸು ಕೊಟ್ಟರು. ಊಟದ ಹೊತ್ತಿನಲ್ಲಿ ಶಿಕ್ಷಕರು ಎಲ್ಲಿ ಕುಳಿತು ಊಟ ಮಾಡಬೇಕೆಂಬ ನಿಯಮವಿದ್ದರೆ ದಯವಿಟ್ಟು ತೋರಿಸಿ ಎಂದು ಉತ್ತರ ಬರೆದರು. ಕೊನೆಗೆ ಧಣಿಗಳೇ ಬಂದರು.

"ಎಂತ ಟೀಚರ್ ಇದು, ಈ ಬಿಸಿಲಿಗೆ?"

"ಕೊಡೆ ಉಂಟು."

"ಗೋಡೆ ರಿಪೇರಿ ಆಗುವವರೆಗೆ ಏಳುವುದಿಲ್ಲ ಅಂದಿರಂತೆ. ರಿಪೇರಿ ಮಾಡ್ಲಿಕ್ಕೆ ನಾನು ಎಂತ ಸರ್ಕಾರವಾ?"

"ಸರ್ಕಾರ ಸಿಡಿಸಲಿಲ್ಲ ಅಲ್ವಾ."

ಧಣಿಗಳ ನಗು ಮಾಯವಾಯಿತು. "ಇಲ್ಲಿ ಕೂತು ನಾಳೆ ನಿಮಗೇ ಏನಾದರೂ ಹೆಚ್ಚುಕಮ್ಮಿ ಆದರೆ?"

ಟೀಚರ್ ಉತ್ತರಪತ್ರಿಕೆಯಿಂದ ತಲೆ ಎತ್ತಲಿಲ್ಲ. "ಆದರೆ ಭೂಕಂಪ ಅಂತ ಬರೆಸಿ" ಎಂದರು.

ಧಣಿಗಳು ಬುದ್ಧಿವಂತರು. ಸಿಡಿಸುವ ಹೊತ್ತನ್ನೇ ಬದಲಿಸಿದರು. ಟೀಚರಿಗೆ ಮಧ್ಯಾಹ್ನದ ಮೇಲೆ ಒಂದರ ಹಿಂದೆ ಒಂದು ತರಗತಿ, ಎದ್ದು ಬರುವ ಹಾಗಿಲ್ಲ. ಕೆಲಸದವರನ್ನು ಆ ಹೊತ್ತಿಗೆ ಹೊರಗೆ ಕಳಿಸಿ, ಬಾವುಟ ಊರಿ, ವಿಸಿಲ್ ಊದಿಸಿದರು. ಟೀಚರ್ ಕುಳಿತಿದ್ದ ಬಂಡೆಯ ಮೇಲೆ ಶಾಂತವ್ವ ಕುಳಿತಿದ್ದಳು. ಮಣಿಪಾಲದ ಕೆಲಸ ಬಿಟ್ಟು ಬಂದಿದ್ದಳು.

"ಏಯ್, ಏಳು ಅಲ್ಲಿಂದ!"

"ಟೀಚರ್ರಿಗೆ ಕ್ಲಾಸ್ ಐತ್ರಿ. ನನಗೇನ್ ಕ್ಲಾಸ್ ಇಲ್ಲ."

ಆ ಮಾತು ಸಂಜೆಯೊಳಗೆ ಊರೆಲ್ಲ ಸುತ್ತಿತು. ಕಂಡಕ್ಟರ್ ಬಸ್ಸಿನಲ್ಲಿ ಅದನ್ನು ಟೀಚರಿಗೇ ಹೇಳಿ ತೋರಿಸಿದನಂತೆ. ಆಮೇಲೆ ಹೊತ್ತು ಯಾವುದಾದರೂ ಆಗಲಿ, ಬಂಡೆಯ ಮೇಲೆ ಇಬ್ಬರಲ್ಲಿ ಒಬ್ಬರು ಇದ್ದೇ ಇರುತ್ತಿದ್ದರು. ಅವರಿಬ್ಬರ ನಡುವೆ ಹೆಚ್ಚು ಮಾತೇನೂ ಇರಲಿಲ್ಲ. ಕಲ್ಲಿನ ಲಾರಿಗಳು ಖಾಲಿ ನಿಂತವು. ಕೊನೆಗೊಂದು ಬೆಳಿಗ್ಗೆ ಮೇಸ್ತ್ರಿ, ಸಿಮೆಂಟಿನ ಚೀಲ ಕಾಲೊನಿಗೆ ಬಂದವು. ಮೊದಲು ಶಾಂತವ್ವನ ಗೋಡೆಯೇ ಆಯಿತು. ಅವಳು ಕಾಂಕ್ರೀಟ್ ಬಲ್ಲವಳು, ಮೇಸ್ತ್ರಿಯ ಬೆನ್ನ ಹಿಂದೆ ನಿಂತು ಗದರಿಸಿ ಗದರಿಸಿ ಮಾಡಿಸಿಕೊಂಡಳು. ಬಳಿಕ ಉಳಿದ ಮನೆಗಳು ಒಂದೊಂದಾಗಿ ಆದವು.

ಶಾಲೆಯ ಗೋಡೆಯಲ್ಲಿ ಈಗಲೂ ಸಿಮೆಂಟಿನ ಅಗಲ ಪಟ್ಟಿಗಳು ಕಾಣುತ್ತವೆ. ಅವು ಹೇಗೆ ಬಂದವೆಂದು ಹೇಳುತ್ತೇನೆ. ಬೆಂಚು ಕೊಟ್ಟವರ ಹತ್ತಿರ ಗೋಡೆಯನ್ನೂ ಕೇಳುವುದಕ್ಕೆ ಹೆಡ್‌ಮಾಸ್ಟರಿಗೆ ಸಂಕೋಚ, ಧಣಿಗಳಿಗೆ ಅದು ನೆನಪೇ ಇಲ್ಲ. ಕಾಲೊನಿಯ ಕೊನೆಯ ಮನೆ ಮುಗಿದ ಮರುದಿನ ಊಟದ ಹೊತ್ತಿಗೆ ಪುನಃ ಬಾವುಟ ಏರಿತು, ವಿಸಿಲ್ ಕೇಳಿತು. ಬಂಡೆಯ ಮೇಲೆ ಇಬ್ಬರೂ ಒಟ್ಟಿಗೆ ಕುಳಿತಿದ್ದರು. ಧಣಿಗಳು ಬೆವರೊರೆಸಿಕೊಳ್ಳುತ್ತ ಬಂದು, "ಎಲ್ಲ ಮನೆ ಆಯ್ತಲ್ಲ, ಇನ್ನು ಎಂತ?" ಎಂದರು. ಟೀಚರ್ ಬಾಯಿ ತೆರೆಯುವಷ್ಟರಲ್ಲಿ ತರಗತಿಯ ಗಂಟೆ ಬಾರಿಸಿತು. ಅವರು ಉತ್ತರಪತ್ರಿಕೆಗಳನ್ನು ಕಟ್ಟಿ, ಕೊಡೆಯನ್ನು ಶಾಂತವ್ವನ ಕೈಗೆ ಕೊಟ್ಟು, "ನನಗೆ ಎಂಟನೇ ಕ್ಲಾಸ್ ಉಂಟು" ಎಂದು ಹೇಳಿ ಶಾಲೆಯ ಕಡೆ ನಡೆದರು.

ಧಣಿಗಳು ಶಾಂತವ್ವನ ಕಡೆ ತಿರುಗಿದರು. "ನಿನ್ನ ಗೋಡೆ ಎಲ್ಲರಿಗಿಂತ ಮೊದಲು ಆಗಿದೆ. ನೀನು ಏಳು ಮಾರಾಯ್ತಿ, ನಿನಗೆ ಇನ್ನೆಂತ ಬಾಕಿ?"

"ಸಾಲೀ ಗ್ವಾಡಿ ಬಾಕಿ ಐತ್ರಿ" ಎಂದಳು ಶಾಂತವ್ವ. "ನನ್ನ ಮಗಳು ಅದರ ಬುಡಕ ಕುಂದರತಾಳ. ಅದು ಆಗೂಮಟ ನಾ ಇಲ್ಲಿ ಕುಂದರತೀನಿ."